ಬಾಗಿಲೊಳಗಿನ ಕೆರೆ

ನನ್ನ ಹೊಲಿಗೆ ಮಿಷನ್ನಿನ ಡ್ರಾಯರು ಎಳೆದರೆ ಏನೇನು ಸಿಗುತ್ತದೆ ಅಂತ ನಾನೇ ಹೇಳಲಾರೆ. ಬಾಬಿನ್ನು, ಮುರಿದ ಸೂಜಿ, ಯಾರದೋ ರವಿಕೆಗೆ ಹಚ್ಚಿ ಮಿಕ್ಕ ಹುಕ್ಕು, ಯಾವುದೋ ಮದುವೆಯಲ್ಲಿ ಕೊಟ್ಟ ಅಡಕೆ ಪೊಟ್ಟಣ. ಮೊನ್ನೆ ಗುರುತು ಹಾಕುವ ಸೀಮೆಸುಣ್ಣ ಹುಡುಕುತ್ತಿದ್ದಾಗ ಗೇಣುದ್ದದ ಕರೀ ರಬ್ಬರಿನ ತುಂಡು ಕೈಗೆ ಬಂತು. ಒಣಗಿದ ನುಗ್ಗೆಕಾಯಿಯ ಹಾಗೆ ಮೈಯೆಲ್ಲ ಬಿರುಕು. ಅಳತೆ ಕೊಡಲು ಬಂದಿದ್ದ ಹೆಂಗಸು "ಅಯ್ಯೋ, ಏನಕ್ಕ ಅದು?" ಅಂತ ಹಿಂದಕ್ಕೆ ಸರಿದಳು. ಕಾರಿನ ಕಿಟಕಿ ರಬ್ಬರು ಕಣವ್ವ ಅಂದೆ. ಅದನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂದಳು. ಅದಕ್ಕೆ ಉತ್ತರ ಹೇಳುತ್ತ ಕೂತರೆ ಅವಳ ರವಿಕೆ ಈ ಶ್ರಾವಣಕ್ಕಲ್ಲ, ಮುಂದಿನ ಶ್ರಾವಣಕ್ಕೂ ಆಗುತ್ತಿರಲಿಲ್ಲ. ಅದಕ್ಕೇ ಅವಳಿಗೆ ಹೇಳದೆ ನಿಮಗೆ ಹೇಳುತ್ತಿದ್ದೇನೆ. ನಿಮ್ಮ ರವಿಕೆ ನನ್ನ ಹತ್ತಿರ ಇಲ್ಲವಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಗ ದಿಗಿಲು ಬೀಳುವ ಹೆಂಗಸು. ನಾನೇ ಒಲೆಯ ಮೇಲಿಟ್ಟ ಕುಕ್ಕರು ಕೂಗಿದರೂ ಎದೆ ಧಸಕ್ಕೆನ್ನುತ್ತದೆ. ನಮ್ಮ ಯಜಮಾನರು ಬಸ್ ಕಂಡಕ್ಟರು, ಕನಕಪುರ ರಸ್ತೆಯಲ್ಲಿ ದಿನಾ ನೂರಾರು ಮುಖ ನೋಡುವವರು. "ಇವಳಿಗೆ ಬೆಳಗಾಗೋದೇ ಒಂದು ಆಶ್ಚರ್ಯ" ಅಂತ ನೆಂಟರ ಮುಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಕಾರಿನ ಬಾಗಿಲಿನ ಕಥೆ ಕೇಳಿದ ದಿನ ಅವರೂ ತುತ್ತು ಕೈಯಲ್ಲಿ ಹಿಡಿದವರು ಬಾಯಿಗಿಡುವುದನ್ನು ಮರೆತು ಕೂತಿದ್ದರು.

ಕಾರು ನನ್ನದೇ. ನಾನು ಕೊಳ್ಳುವ ಹೊತ್ತಿಗೆ ಅದು ಎಷ್ಟು ಜನರ ಕೈ ದಾಟಿ ಬಂದಿತ್ತೋ, ಕೊಟ್ಟವರೂ ಸರಿಯಾಗಿ ಹೇಳಲಿಲ್ಲ. ಕನಕಪುರದಲ್ಲಿ ನಮ್ಮ ಮನೆಯಿರುವ ಓಣಿಯಲ್ಲಿ ಒಂದು ಎಮ್ಮೆ ಎದುರಾದರೆ ಸ್ಕೂಟರಿನವರು ಪಕ್ಕದ ಮನೆಯ ಜಗುಲಿ ಹತ್ತಬೇಕು. ಅಲ್ಲಿ ಕಾರು ನಿಲ್ಲಿಸುವ ಮಾತೆಲ್ಲಿ? ಹಾಗಾಗಿ ಅದು ಪಕ್ಕದ ಹಳ್ಳಿಯಲ್ಲಿ, ನನ್ನ ತೌರುಮನೆಯ ಮುಂದಿನ ಬಯಲಲ್ಲಿ ಇರುತ್ತದೆ. ಮದುವೆಯಾದ ಮೇಲೆ ನಾನು ಗಂಡನ ಮನೆಗೆ ಬಂದೆ, ನನ್ನ ಕಾರು ತೌರಿಗೆ ಹೋಯಿತು. ಬೇಕಾದಾಗ ಬಸ್ಸಿನಲ್ಲಿ ಹೋಗಿ ಕಾರು ತರುತ್ತೇನೆ. ನಗಬೇಡಿ, ಪೇಟೆಯಲ್ಲಿ ಕಾರಿಟ್ಟ ಎಷ್ಟೋ ಜನರ ಪಾಡು ಇದೇ.

ಬಯಲಲ್ಲಿ ನಿಂತ ಗಾಡಿಗೆ ಬಿಸಿಲೂ ಪುಕ್ಕಟೆ, ಮಳೆಯೂ ಪುಕ್ಕಟೆ. ಗಾಜು ಬಾಗಿಲೊಳಗೆ ಇಳಿಯುವ ಕಡೆ ಅಂಚಿಗೆ ಒಂದು ರಬ್ಬರಿನ ಪಟ್ಟಿ ಇರುತ್ತದಲ್ಲ, ಅದು ಬಿರಿಯಿತು. ಒಂದು ವರ್ಷ ಮೊದಲ ಮಳೆಗಳಿಗೇ ನನ್ನ ಪಕ್ಕದ, ಅಂದರೆ ಬಲಗಡೆ ಬಾಗಿಲಿನ ಸ್ಪೀಕರು ನೆಗಡಿಯಾದವರ ಹಾಗೆ ಗೊರಗೊರ ಅಂದು, ಒಂದು ದಿನ ಬಾಯಿ ಮುಚ್ಚಿತು. ರಾಮನಗರದಲ್ಲಿ ಸ್ಟೀರಿಯೋ ಹಾಕಿಕೊಟ್ಟಿದ್ದ ಇಲಿಯಾಸ್ ಭಾಯಿಯ ಅಂಗಡಿಗೆ ಒಯ್ದೆ. ಅವರು ಬಾಗಿಲಿನ ಒಳಹೊದಿಕೆ ಕಿತ್ತು ತೋರಿಸಿದರು. ಒಳಗೆಲ್ಲ ಒದ್ದೆ.

"ಇದೇನ್ ಭಾಯ್, ಬಾಗಿಲೊಳಗೆ ಮಳೆ!" ಅಂದೆ.

"ಎಲ್ಲಾ ಗಾಡಿಯಲ್ಲೂ ಬರುತ್ತೆ ಅಕ್ಕಾ, ಹೊಸದ್ರಲ್ಲೂ ಬರುತ್ತೆ. ಬಂದಿದ್ದು ಹಂಗೇ ಕೆಳಗೆ ಹೋಗುತ್ತೆ. ನಿಮ್ದು ರಬ್ಬರ್ ಹೋಗಿದೆ, ಜಾಸ್ತಿ ಬಂದು ಸ್ಪೀಕರ್ ನೆತ್ತಿ ಮೇಲೇ ಬೀಳ್ತಿದೆ."

ನನಗೆ ನಂಬಲಿಕ್ಕೇ ಆಗಲಿಲ್ಲ. ಇಷ್ಟು ವರ್ಷ ಮಳೆಯಲ್ಲಿ ಗಾಜು ಏರಿಸಿಕೊಂಡು, ಆಹಾ ನಾನೊಬ್ಬಳು ಬೆಚ್ಚಗಿದ್ದೀನಿ ಅಂತ ಬೀಗುತ್ತಿದ್ದೆ. ಆಗೆಲ್ಲ ನನ್ನ ಮೊಣಕೈಗೆ ಒಂದು ಬೆರಳಿನಷ್ಟು ದೂರದಲ್ಲಿ ಮಳೆ ಸದ್ದಿಲ್ಲದೆ ಇಳಿದು ಹೋಗುತ್ತಿತ್ತು! ಅವತ್ತು ಆಶ್ಚರ್ಯಪಡುವುದರಲ್ಲೇ ನನ್ನ ಹೊತ್ತೆಲ್ಲ ಹೋಯಿತು. ಕೆಳಗೆ ಅಂದರೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಲಿಲ್ಲ.

ಬಲಗಡೆಯದನ್ನು ಹಾಗೇ ಮೂಕವಾಗಿ ಬಿಟ್ಟೆ. ಹಾಡು ಇಲ್ಲದಿದ್ದರೆ ನನಗೇನು, ಗಾಡಿ ಓಡಿಸುವಾಗ ನನ್ನ ಜೊತೆ ನಾನೇ ಸಾಕಷ್ಟು ಮಾತಾಡಿಕೊಳ್ಳುತ್ತೇನೆ. ಆದರೆ ಎಡಗಡೆಯ ಸ್ಪೀಕರಿನ ಮಾತು ಬೇರೆ. ಅದು ನನ್ನ ಅಣ್ಣನ ಕಿವಿ.

ಅಣ್ಣ ಮೀಸೆ ಮೂಡುವ ಮುಂಚಿನಿಂದ ಕಲ್ಲು ಕ್ವಾರಿಯಲ್ಲಿ ದುಡಿದವನು. ಬಂಡೆಗೆ ಡ್ರಿಲ್ಲು ಹಿಡಿದು ನಿಲ್ಲುವ ಕೆಲಸ. ಸಂಜೆ ಮನೆಗೆ ಬಂದು ಜಗುಲಿಯ ಮೇಲೆ ಕೂತರೆ ಮೈಯೆಲ್ಲ ಬೂದಿ ಬಳಿದ ಹಾಗೆ ಕಲ್ಲಿನ ಪುಡಿ. ನಾವು ಕರೆದರೆ ಎರಡನೇ ಸಲಕ್ಕೆ ತಿರುಗುತ್ತಿದ್ದ. ಆಮೇಲೆ ಮೂರನೇ ಸಲಕ್ಕೆ. ಆಮೇಲೆ ಭುಜ ಮುಟ್ಟಬೇಕಾಯಿತು. ಕಿವಿಗೆ ಹಾಕುವ ಮಿಷನ್ನು ತಂದುಕೊಟ್ಟೆವು. ಎರಡು ದಿನ ಹಾಕಿಕೊಂಡು, "ಇದ್ರಾಗೂ ಡ್ರಿಲ್ ಸದ್ದೇ ಬತ್ತದೆ ಕಣಮ್ಮಿ" ಅಂತ ಬಿಸ್ಕತ್ತಿನ ಡಬ್ಬಿಯೊಳಗಿಟ್ಟ. ಈಗಲೂ ಅಲ್ಲೇ ಇದೆ.

ಕಿವುಡು ಅಂದರೆ ಜನ ನಗುತ್ತಾರೆ, ನಾನೂ ನಕ್ಕಿದ್ದೇನೆ. ಆದರೆ ಮನೆಯಲ್ಲಿದ್ದು ನೋಡಿದವರಿಗೆ ಗೊತ್ತು, ಕಿವುಡನಿಗೆ ಗುಟ್ಟು ಹೇಳಲಿಕ್ಕಾಗುವುದಿಲ್ಲ. ಅವನಿಗೆ ಕೇಳಬೇಕಾದರೆ ಊರಿಗೆಲ್ಲ ಕೇಳಬೇಕು. ನಮ್ಮ ಅತ್ತಿಗೆ ಆಸ್ಪತ್ರೆಯಲ್ಲಿ ಕೊನೆಯ ದಿನ ಅವನನ್ನು ಹತ್ತಿರ ಕರೆದು ಏನೋ ಹೇಳಿದಳು. ಸುತ್ತ ಹತ್ತು ಮಂಚ, ಹತ್ತು ಮನೆಯವರು, ಮೆಲ್ಲಗೆ ಹೇಳಿದಳು. ಅಣ್ಣ ಹೂಂಗುಟ್ಟಿದ, ಅವಳ ಕೈ ಸವರಿದ. ಏನು ಹೇಳಿದಳು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ನನಗೊಬ್ಬಳಿಗೇ ಹೇಳಿದ್ದಾನೆ.

ಅವರಿಗೆ ಒಬ್ಬಳೇ ಮಗಳು, ಸವಿತ. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಕಾರಿನ ಬಾಗಿಲುಗಳಿಗೆ ರಬ್ಬರು, ಹಾಳೆ, ವೈರು ಕೂರಿಸುತ್ತಾಳೆ. ಶಿಫ್ಟಿನ ಕೆಲಸವಾದ್ದರಿಂದ ಗೆಳತಿಯರ ಜೊತೆ ಅಲ್ಲೇ ಒಂದು ರೂಮು ಮಾಡಿಕೊಂಡಿದ್ದಾಳೆ. ಅವಳು ಫೋನ್ ಮಾಡಿದರೆ ಅಣ್ಣ ಫೋನನ್ನು ಕಿವಿಗೆ ಒತ್ತಿಕೊಂಡು, ಏನೂ ಕೇಳದೆ, ಹತ್ತಿರ ಇದ್ದವರ ಕೈಗೆ ಕೊಟ್ಟು ಆಚೆ ಹೋಗುತ್ತಿದ್ದ.

ಒಂದು ಸಲ ಸಾವನದುರ್ಗಕ್ಕೆ ಹರಕೆ ತೀರಿಸಲು ಹೊರಟಿದ್ದೆವು. ನಾನು ಓಡಿಸುತ್ತಿದ್ದೆ, ಅಣ್ಣ ಎಡಗಡೆ ಸೀಟಿನಲ್ಲಿ. ನನ್ನ ಫೋನು ಸ್ಟೀರಿಯೋಗೆ ಸೇರಿಕೊಂಡಿತ್ತು. ಸವಿತಳ ಫೋನು ಬಂತು, ಬಾಗಿಲಿನ ಸ್ಪೀಕರಿನಿಂದ "ಅತ್ತೆ, ಎಲ್ಲಿದ್ದೀರಾ?" ಅಂದಳು. ಅಣ್ಣ ಸೀಟಿನಲ್ಲೇ ಹಾರಿಬಿದ್ದ.

"ಲೇ ಜಯಮ್ಮಿ! ಯಾರೋ ನನ್ ಮೊಣಕಾಲ್ತಾವ ಮಾತಾಡ್ತಾವ್ರೆ ಕಣೇ!"

ನಾನು ಗಾಡಿ ಪಕ್ಕಕ್ಕೆ ಹಾಕಿ ಸ್ಟೀರಿಯೋದ ಸದ್ದು ಪೂರಾ ಏರಿಸಿದೆ. ಅಣ್ಣ ಬಗ್ಗಿ ಬಾಗಿಲಿಗೆ ಕಿವಿ ಕೊಟ್ಟ, ಅಂಗೈಯನ್ನೂ ಒತ್ತಿದ. ಬಾಗಿಲಿನ ನಡುಕ ಕೈಗೆ, ದನಿ ಕಿವಿಗೆ; ಎರಡೂ ಸೇರಿ ಅವನಿಗೆ ಅದು ಹೇಗೆ ಮಾತಾಯಿತೋ ನಾನು ಕಾಣೆ. "ಸವಿತ ಕಣೇ! ಉಂಡಾ ಅಂತಾವ್ಳೆ ಕಣೇ!" ಅಂದ. ರಸ್ತೆಯ ಪಕ್ಕ ನಾವಿಬ್ಬರೂ ಅತ್ತೆವು. ಅವತ್ತು ಹರಕೆ ತೀರಿಸುವ ಮೊದಲೇ ವರ ಸಿಕ್ಕಿತ್ತು.

ಅವತ್ತಿನಿಂದ ನನ್ನ ಕಾರು ಅಣ್ಣನ ಮಾತಿನ ಮನೆಯಾಯಿತು. ಸಂಜೆ ಕೈಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು, ಮಗಳ ಎದುರು ಕೂರುವವನ ಹಾಗೆ ಹೋಗಿ ಕೂರುತ್ತಿದ್ದ. ಅವನ ಫೋನನ್ನೂ ಸ್ಟೀರಿಯೋಗೆ ಸೇರಿಸಿಕೊಟ್ಟಿದ್ದೆ. ಗಾಜು ಏರಿಸಿ ಬಾಗಿಲು ಹಾಕಿಕೊಂಡರೆ ಅಪ್ಪ ಮಗಳು ಏನು ಮಾತಾಡಿಕೊಂಡರೂ ಊರಿಗೆ ತಿಳಿಯುತ್ತಿರಲಿಲ್ಲ. ಅಣ್ಣನ ಬದುಕಿನಲ್ಲಿ ಗುಟ್ಟು ಅನ್ನುವುದು ಮತ್ತೆ ಶುರುವಾದದ್ದು ಹಾಗೆ.

ಈಗ ಹೇಳಿ, ಆ ಎಡಗಡೆ ಸ್ಪೀಕರಿಗೆ ಮಳೆ ಬೀಳಲು ಬಿಡುವುದಾದರೂ ಹೇಗೆ? ಹೊಸ ರಬ್ಬರು ಬರಬೇಕು, ಈ ಹಳೇ ಮಾಡೆಲಿಗೆ ಹುಡುಕಬೇಕು ಅಂತ ಇಲಿಯಾಸ್ ಭಾಯಿ ಹೇಳಿದ್ದರು. ಅಲ್ಲಿಯವರೆಗೆ ನನಗೆ ಗೊತ್ತಿರುವ ವಿದ್ಯೆ ಒಂದೇ. ಹಳೇ ಛತ್ರಿಯ ಬಟ್ಟೆ ಕತ್ತರಿಸಿ ಸ್ಪೀಕರಿಗೆ ಒಂದು ಅಂಗಿ ಹೊಲಿದೆ. ಅದರ ಬೆನ್ನಿಗೆ, ನೆತ್ತಿಗೆ, ಬುಡಕ್ಕೆ ಎಲ್ಲ ಕಡೆ ಅಚ್ಚುಕಟ್ಟು, ಡಬಲ್ ಹೊಲಿಗೆ. ಮಗುವಿನ ಕುಲಾವಿ ಹೊಲಿಯುವಾಗಲೂ ನಾನು ಅಷ್ಟು ಮುತುವರ್ಜಿ ವಹಿಸಿದವಳಲ್ಲ. ತೊಡಿಸಿದ ಮೇಲೆ ದನಿ ಸ್ವಲ್ಪ ಕಂಬಳಿ ಹೊದ್ದ ಹಾಗೆ ಬರುತ್ತಿತ್ತು. ಅಣ್ಣ "ಮಗೀಗೆ ಶೀತ ಆಗೈತೇನೋ" ಅಂದನೇ ಹೊರತು ಬೇರೆ ದೂರು ಹೇಳಲಿಲ್ಲ. ನಾನು ನೆಮ್ಮದಿಯಾಗಿ ಪೇಟೆಗೆ ಬಂದೆ. ಶ್ರಾವಣ ಹತ್ತಿರ ಬಂದರೆ ನಮ್ಮ ಕಸುಬಿನವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ವಾರಗಟ್ಟಲೆ ತೌರಿನ ಕಡೆ ಹೋಗಲಾಗಲಿಲ್ಲ.

ಆಮೇಲೆ ಬಂತು ಆ ಶನಿವಾರ.

ಲೈನಿಂಗ್ ಬಟ್ಟೆ ತರಲು, ತೌರಿಂದ ಕಾರು ತೆಗೆದುಕೊಂಡು ರಾಮನಗರಕ್ಕೆ ಹೋಗಿದ್ದೆ. ಸವಿತ ಬಿಡದಿಯಿಂದ ಬಸ್ಸಿನಲ್ಲಿ ಬಂದಿಳಿದಳು, ಇಬ್ಬರೂ ಒಟ್ಟಿಗೆ ಊರಿಗೆ ಹೋಗುವುದು ಅಂತ ಮಾತಾಗಿತ್ತು. ಅವಳು ಎಡಗಡೆ ಬಾಗಿಲು ತೆಗೆದಳು, ಕೂತಳು, ಎಳೆದುಕೊಂಡಳು. ಗುಳುಕ್ ಅಂತು. ಮತ್ತೆ ತೆಗೆದಳು, ಮತ್ತೆ ಎಳೆದಳು. ಗುಳುಕ್.

"ಅತ್ತೆ, ಬಾಗಿಲೊಳಗೆ ಏನಿಟ್ಟಿದ್ದೀರಾ?"

"ಬಾಗಿಲೊಳಗೆ ಏನಿಡ್ತಾರವ್ವ? ಸ್ಪೀಕರಿಗೆ ಅಂಗಿ ಹಾಕಿದ್ದೀನಿ ಅಷ್ಟೆ."

ಅವಳು ಇಳಿದು, ಒಳ್ಳೆಯ ಚೂಡಿದಾರದಲ್ಲೇ ಟಾರಿನ ಮೇಲೆ ಮಂಡಿಯೂರಿ, ಬಾಗಿಲಿನ ತಳಭಾಗ ಬೆರಳಿಂದ ತಡವಿದಳು. ಎದ್ದವಳು ನನ್ನನ್ನು ನೋಡಿದ ನೋಟ ನಾನು ಮರೆಯುವುದಿಲ್ಲ.

"ಅತ್ತೆ, ತೂತೆಲ್ಲ ಮುಚ್ಚೈತೆ!"

"ಬಾಗಿಲಿಗೆ ತೂತು ಬೇಕೇನೇ?"

"ಬೇಕು ಅತ್ತೆ! ಒಳಗೆ ಬಂದ ಮಳೆ ಹೊರಗೆ ಹೋಗಕ್ಕೆ ಅಂತಾನೇ ತಳದಲ್ಲಿ ಬಿಟ್ಟಿರ್ತಾರೆ. ಅದನ್ನ ಮುಚ್ಚಿದ್ರೆ ನೀರು ಎಲ್ಲಿಗೆ ಹೋಗ್ಬೇಕು?"

ಡ್ಯಾಶ್‌ಬೋರ್ಡಿನಲ್ಲಿದ್ದ ಸ್ಕ್ರೂಡ್ರೈವರು ತೆಗೆದು ಕುಕ್ಕಿದಳು. ನಲ್ಲಿ ಪೈಪಿಗೆ ಮೆತ್ತುವ, ಒಣಗಿದರೆ ಕಲ್ಲಾಗುವ ಅಂಟು ಅದು. ಚೂರು ಎದ್ದದ್ದೇ ತಡ, ಬಾಗಿಲು ಉಚ್ಚೆ ಹೊಯ್ದ ಹಾಗೆ ಧೋ ಅಂತ ಸುರಿಸಿತು. ಎಂಥ ನೀರು ಅಂತೀರಿ! ಹಸಿರು ತಿರುಗಿ, ವಾಸನೆ ಬಂದು, ಅದರೊಳಗೆ ಸೊಳ್ಳೆ ಮರಿ ಮಿಣಮಿಣ ಆಡುತ್ತಿದ್ದವು. ನಾನು ಕಿರುಚಿದ ರಭಸಕ್ಕೆ ಎದುರಿನ ಟೀ ಅಂಗಡಿಯವನು ಸೋಸುವುದನ್ನು ನಿಲ್ಲಿಸಿ ಓಡಿ ಬಂದ. ನನ್ನ ಕಾರಿನ ಬಾಗಿಲೊಳಗೆ ಒಂದು ಕೆರೆ ಕಟ್ಟಿಕೊಂಡು, ನಾನು ಅದನ್ನು ಊರಿಂದ ರಾಮನಗರದವರೆಗೆ ಮೆರವಣಿಗೆ ಮಾಡಿಸಿದ್ದೆ!

ಕಿತ್ತ ಅಂಟಿನ ಚೂರನ್ನು ಕೈಯಲ್ಲಿ ಹಿಡಿದು ನೋಡಿದೆ. ಅದರ ಮೇಲೆ ಅಗಲವಾದ ಒಂದು ಹೆಬ್ಬೆರಳ ಒತ್ತು. ಆ ಒತ್ತು ನನಗೆ ಹುಟ್ಟಿದಾಗಿನಿಂದ ಗೊತ್ತು.

ನಮ್ಮ ಅವ್ವ ರೇಷ್ಮೆ ಹುಳ ಸಾಕುವವಳು. ಹುಳ ಸಾಕುವವರಿಗೆ ತೂತು ಅಂದರೆ ವೈರಿ. ಊಜಿ ನೊಣ ಅಂತ ಒಂದಿದೆ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಹೋದರೆ ಗೂಡು ಕಟ್ಟುವ ಮೊದಲೇ ಬೆಳೆ ಮಣ್ಣುಪಾಲು. ನಾವು ಚಿಕ್ಕವರಿದ್ದಾಗ ಪ್ರತಿ ಬೆಳೆಗೂ ಮುಂಚೆ ಅವ್ವ ನಮ್ಮನ್ನು ಹುಳಮನೆಯೊಳಗೆ ಕೂರಿಸಿಕೊಂಡು ಹಗಲು ಹೊತ್ತಿನಲ್ಲಿ ಬಾಗಿಲು ಹಾಕುತ್ತಿದ್ದಳು. ಗವ್ವೆನ್ನುವ ಕತ್ತಲು, ಸುಣ್ಣದ ವಾಸನೆ, ಪಕ್ಕದಲ್ಲಿ ಅಣ್ಣನ ಮೊಣಕಾಲು. ಸ್ವಲ್ಪ ಹೊತ್ತಿಗೆ ಗೋಡೆಯಲ್ಲಿ, ಹೆಂಚಿನಲ್ಲಿ ಸಾಸಿವೆ ಕಾಳಿನಷ್ಟು ಬೆಳಕಿನ ಚುಕ್ಕಿಗಳು ಕಾಣುತ್ತಿದ್ದವು. "ಅಲ್ಲೊಂದೈತೆ ಅವ್ವ!" "ಇಲ್ಲೊಂದು!" ಅಂತ ನಾವು ಕೂಗಿದ ಕಡೆಗೆಲ್ಲ ಅವ್ವ ಮಣ್ಣು ಮೆತ್ತಿ, ಹೆಬ್ಬೆರಳಲ್ಲಿ ಒತ್ತುತ್ತಿದ್ದಳು. ಒಂದು ಚುಕ್ಕಿ ಬೆಳಕೂ ಉಳಿಯದಿದ್ದಾಗ ಹುಳಮನೆ ಸರಿಯಾಯಿತು ಅಂತ ಲೆಕ್ಕ. ಅಣ್ಣನ ಕಣ್ಣು ಚುರುಕು, ಅವನೇ ಹೆಚ್ಚು ಹಿಡಿಯುತ್ತಿದ್ದ. ನಾನು ಸೋಲಲಾರದೆ ಇಲ್ಲದ ಚುಕ್ಕಿಯನ್ನೂ ತೋರಿಸಿ ಬೈಸಿಕೊಂಡಿದ್ದೇನೆ.

ಮಳೆಗಾಲದ ಆರಂಭದಲ್ಲಿ ಚಾಕಿ ಹುಳ, ಅಂದರೆ ಎಳೇ ಮರಿಹುಳಗಳ ಟ್ರೇಗಳನ್ನು ನನ್ನ ಕಾರಿನಲ್ಲೇ ತಂದಿದ್ದೆವು. ಇಳಿಸುವಾಗ ಬಗ್ಗಿದ ಅವ್ವನಿಗೆ ಬಾಗಿಲ ತಳದ ತೂತುಗಳು ಕಂಡಿರಬೇಕು. ಕಂಡ ಮೇಲೆ ಕೇಳಬೇಕೆ? ಬೇರೆ ಯಾವ ಸೀಮೆಯ ಮುದುಕಿಯೂ ಕಾರಿನ ಬಾಗಿಲಿಗೆ ಊಜಿ ನೊಣ ಬರುತ್ತದೆ ಅಂತ ಹೆದರಿರಲಾರಳು.

ಅಲ್ಲಿಂದ ನೇರ ಇಲಿಯಾಸ್ ಭಾಯಿಯ ಅಂಗಡಿಗೆ ಹೋದೆವು. ಅವರು ಹೊದಿಕೆ ಬಿಚ್ಚಿದರು. ನಾನು ಹೊಲಿದ ಅಂಗಿ ಬುಡದಲ್ಲಿ ನೀರು ತುಂಬಿಕೊಂಡು ಜೋತು ಬಿದ್ದಿತ್ತು. ಮೇಲಿಂದ ಬೀಳುವ ಮಳೆಗೆ ನಾನು ಕೊಡೆ ಹಿಡಿದಿದ್ದೆ, ಕೆಳಗಿಂದ ಏರುವ ನೀರಿಗೆ ಯಾರು ಹಿಡಿಯಬೇಕು? ಸ್ಪೀಕರು ನೆನೆದ ಹಪ್ಪಳವಾಗಿತ್ತು, ಸುತ್ತ ಕೆಂಪಗೆ ತುಕ್ಕು.

"ಇದು ಹೋಗಿ ಬಹಳ ದಿನ ಆಗಿದೆ ಅಕ್ಕಾ," ಅಂದರು ಭಾಯಿ. "ಮಳೆಗಾಲ ಶುರು ಆದಾಗ್ಲೇ ಹೋಗಿರ್ಬೇಕು."

ನಾನು ಅವ್ವನಿಗೆ ಏನೇನು ಬೈಯಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಸವಿತ ಸ್ಟೂಲಿನ ಮೇಲೆ ಕುಸಿದಿದ್ದಾಳೆ, ಮುಖ ಸುಣ್ಣ.

"ಅತ್ತೆ, ನಾನು ದಿನಾ ಸಂಜೆ ಅಪ್ಪನ ಹತ್ರ ಮಾತಾಡ್ತಿದ್ದೀನಿ."

"ಗೊತ್ತಲ್ಲವ್ವ."

"ಮತ್ತೆ ಇಷ್ಟು ದಿನ ಯಾರ ಹತ್ರ ಮಾತಾಡ್ತಿದ್ದೆ?"

ಎರಡು ಗಳಿಗೆ ನನಗೆ ಅರ್ಥವಾಗಲಿಲ್ಲ. ಆಮೇಲೆ ಒಂದೊಂದಾಗಿ ಹೊಳೆಯಿತು. ಅಣ್ಣ ದಿನಾ ಕಾರಿನಲ್ಲಿ ಕೂರುತ್ತಿದ್ದ. ದಿನಾ ಮಾತಾಡುತ್ತಿದ್ದ. "ಹೂಂ ಕಣವ್ವ", "ಆಗ್ಲಿ ಕಣವ್ವ", "ಉಣ್ಣು ಕಣವ್ವ" ಅನ್ನುತ್ತಿದ್ದ. ಅವ್ವ ಅದನ್ನು ನನಗೆ ಫೋನಿನಲ್ಲಿ ಸಂತೋಷದಿಂದ ಹೇಳುತ್ತಿದ್ದಳು.

"ಒಂದ್ಸಲ ಜ್ವರ ಬಂದೈತೆ ಅಪ್ಪ ಅಂದೆ. ಒಳ್ಳೇದು ಕಣವ್ವ, ಅಂಗೇ ಇರು ಅಂದ್ರು. ನನಗೆ ಎಷ್ಟು ಬೇಜಾರಾಗಿತ್ತು ಗೊತ್ತಾ?" ಅಂದಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಬಾಯಿ ತೆರೆದೆ. ಅವಳು ಇನ್ನೂ ಮುಗಿಸಿರಲಿಲ್ಲ.

"ಅದಲ್ಲ ಅತ್ತೆ. ಮೊನ್ನೆ ಒಂದು ವಿಷಯ ಕೇಳಿದ್ದೆ. ಆಗ್ಲಿ ಕಣವ್ವ, ಒಳ್ಳೇದಾಗ್ಲಿ ಅಂದ್ರು. ಅದಕ್ಕೇ ಅವರಿಗೆ ಬರಕ್ಕೆ ಹೇಳ್ಬಿಟ್ಟೆ."

"ಯಾರಿಗೆ?"

ಅವಳ ಜೊತೆ ಕೆಲಸ ಮಾಡುವ ಹುಡುಗ. ರಂಗಸ್ವಾಮಿ ಅಂತ, ಮಾಗಡಿ ಕಡೆಯವನು. ನಮ್ಮ ಜನ ಅಲ್ಲ. ನಾಳೆ ಭಾನುವಾರ ತನ್ನ ತಾಯಿಯನ್ನೂ ಸೋದರಮಾವನನ್ನೂ ಕರೆದುಕೊಂಡು ಹೆಣ್ಣು ಕೇಳಲು ಬರುತ್ತಿದ್ದಾನೆ. ನಮ್ಮ ಮನೆಗೆ. ಅಪ್ಪ ಒಪ್ಪಿದ್ದಾರೆ ಅಂತ ನಂಬಿಕೊಂಡು.

ನೀವೇ ಯೋಚಿಸಿ ನನ್ನ ಗತಿ. ನನ್ನ ಅಣ್ಣ ತನಗೇ ಗೊತ್ತಿಲ್ಲದೆ ಮಗಳ ಮದುವೆಗೆ ಒಪ್ಪಿಬಿಟ್ಟಿದ್ದಾನೆ! ಹೋಗಿ ಹೇಳೋಣವೆಂದರೆ ಹೇಳುವುದು ಹೇಗೆ? ಅವನಿಗೆ ಓದಲು ಬರುವುದಿಲ್ಲ, ರುಜು ಹಾಕುವುದಷ್ಟೇ. ಕಿವಿಯ ಹತ್ತಿರ ಕೂಗಿದರೆ ಅಣ್ಣನಿಗೆ ಕೇಳುವ ಮುಂಚೆ ಎದುರು ಮನೆ, ಪಕ್ಕದ ಮನೆ, ಹಾಲಿನ ಡೈರಿಗೆಲ್ಲ ತಲುಪುತ್ತದೆ. "ನಿನ್ ಮಗಳು ಬೇರೆ ಜನದ ಹುಡುಗನ್ನ" ಅಂತ ಅರ್ಧ ಕೂಗುವಷ್ಟರಲ್ಲಿ ಬೇಲಿ ಮೇಲೆ ನಾಲ್ಕು ತಲೆ. ಅಪ್ಪನಾದವನು ಇಂಥ ಮಾತನ್ನು ಊರಿನ ಜೊತೆ ನಿಂತು ಕೇಳಿಸಿಕೊಂಡರೆ, ಹೂಂ ಅನ್ನುವ ಮನಸ್ಸಿದ್ದರೂ ಊಹೂಂ ಅನ್ನುತ್ತಾನೆ. ಹೇಳಲಿಕ್ಕೆ ಇದ್ದ ಜಾಗ ಒಂದೇ, ಈ ಕಾರು.

"ಭಾಯ್, ಇವತ್ತೇ ಆಗ್ಬೇಕು," ಅಂದೆ.

ಪುಣ್ಯಕ್ಕೆ ರಬ್ಬರು ಬಂದು ಅವರ ಅಂಗಡಿಯಲ್ಲೇ ಕೂತಿತ್ತು. ಹಳೇ ಪಟ್ಟಿ ಕಿತ್ತು ಹೊಸದು ಕೂರಿಸಿದರು. ಸವಿತ ಬಾಗಿಲುಗಳ ತೂತುಗಳನ್ನೆಲ್ಲ ಒಂದೊಂದಾಗಿ ಬಿಡಿಸಿ, ಮೇಲಿಂದ ಚೊಂಬಿನಲ್ಲಿ ನೀರು ಹೊಯ್ದು ಕೆಳಗಿಂದ ಹೋಗುತ್ತದೆಯೇ ಅಂತ ನೋಡಿದಳು. ಒಳಗಿನ ಹರಿದ ಪ್ಲಾಸ್ಟಿಕ್ ಹಾಳೆ ತೆಗೆದು ಬೇರೆ ಅಂಟಿಸಿದಳು. ಹೊಸ ಸ್ಪೀಕರು ಕೂತಿತು. ನಾನು ಬ್ಯಾಗಿನಿಂದ ಕತ್ತರಿ ತೆಗೆದು ನನ್ನ ಛತ್ರಿ ಅಂಗಿಯ ಬುಡವನ್ನೆಲ್ಲ ಕತ್ತರಿಸಿ, ನೆತ್ತಿಯ ಮೇಲೆ ಸೂರಿನ ಹಾಗೆ ನಿಲ್ಲುವಷ್ಟು ಮಾತ್ರ ಉಳಿಸಿದೆ. ನೀರು ಬಿದ್ದರೆ ಜಾರಿಹೋಗಬೇಕು, ದನಿಗೆ ಉಸಿರಾಡಲು ಜಾಗ ಬೇಕು ಅಂತ ಸವಿತ ಅಂದಳು. ಹಳೇ ರಬ್ಬರಿನ ಒಂದು ತುಂಡನ್ನು ನಾನು ಯಾಕೆ ಬ್ಯಾಗಿಗೆ ಹಾಕಿಕೊಂಡೆನೋ, ಅದೇ ಮೊನ್ನೆ ಡ್ರಾಯರಿನಲ್ಲಿ ಸಿಕ್ಕಿದ್ದು.

ಊರು ತಲುಪಿದಾಗ ಹುಳಕ್ಕೆ ಸಂಜೆಯ ಸೊಪ್ಪು ಹಾಕುವ ಹೊತ್ತು. ಅವ್ವ ಸೊಪ್ಪಿನ ಮಂಕರಿ ಇಳಿಸುತ್ತಿದ್ದಳು. ಅಣ್ಣ ಆಗಲೇ ಕೈಕಾಲು ತೊಳೆದು ಒಗೆದ ಅಂಗಿ ಹಾಕಿದ್ದ. ಸವಿತ ಆ ಸತ್ತ ಸ್ಪೀಕರನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ನೋಡಿದ. ಆಮೇಲೆ ಮೊದಲು ನೋಡಿದ್ದು ಅವ್ವನ ಮುಖವನ್ನು.

"ಎಷ್ಟ್ ದಿನದಿಂದ ಅಪ್ಪಾ?" ಅಂತ ಸವಿತ ಅವನ ಕಿವಿಯಲ್ಲಿ ಕೂಗಿದಳು.

"ಒಸಿ ದಿನ ಆಯ್ತು," ಅಂದ ಅಣ್ಣ.

"ಯಾಕ್ ಹೇಳ್ಲಿಲ್ಲ?"

ಅಣ್ಣ ನಕ್ಕ, ತಪ್ಪು ಮಾಡಿ ಸಿಕ್ಕಿಬಿದ್ದವನ ನಗು. "ಅವ್ವ ತೂತು ಮೆತ್ತಾದ ನೋಡಿದ್ದೆ ಕಣವ್ವ. ಅಮ್ಯಾಕ್ ನೀರು ಕುಲುಕಾದೂ ಗೊತ್ತಾಯ್ತು. ಯೋಳುದ್ರೆ ಅವ್ವ ನೊಂದ್ಕತ್ತದೆ. ಫೋನ್ನಾಗೆ ನಂಬರ್ ಓಡ್ತಿರ್ತದಲ್ಲ, ಅದು ಓಡ್ತಿದ್ರೆ ನೀನು ಮಾತಾಡ್ತಾ ಇದ್ದೀಯ ಅಂತ. ನಂಗೆ ಅಷ್ಟೇ ಸಾಕಾಗಿತ್ತು."

ಅವ್ವ ಮಂಕರಿಯ ಪಕ್ಕದಲ್ಲೇ ನೆಲಕ್ಕೆ ಕೂತಳು. ರಾಮನಗರದಿಂದ ಜೋಡಿಸಿಕೊಂಡು ಬಂದಿದ್ದ ನನ್ನ ಬೈಗುಳವೆಲ್ಲ ಗಂಟಲಲ್ಲೇ ಕರಗಿತು.

"ಮಗನ್ ಕಿವೀನೇ ಮುಚ್ಬುಟ್ನೇನೇ ಜಯಿ?" ಅಂದಳು. "ಊಜಿ ಬತ್ತದೆ ಅಂತ ಮೆತ್ತುದ್ನಲ್ಲೇ ನಾನು."

ಅವಳನ್ನು ಎಬ್ಬಿಸಿ, ಹುಳ ಹಸಿದಿವೆ ಅಂತ ನೆನಪಿಸಿ, ಹುಳಮನೆಗೆ ಕಳಿಸಿದೆ. ಹುಡುಗನ ವಿಷಯ ಅವಳಿಗಿನ್ನೂ ಗೊತ್ತಿರಲಿಲ್ಲ. ಹೊಸ ಸ್ಪೀಕರು ಹಾಕಿಸಿದೆ ಅಂತ ಸನ್ನೆ ಮಾಡಿದ್ದೇ ಅಣ್ಣ ಕಾರಿನಲ್ಲಿ ಹೋಗಿ ಕೂತ, ಗಾಜು ಏರಿಸಿಕೊಂಡ. ಮಗಳು ಎದುರಿಗೇ ಇದ್ದರೂ ಮಾತಿಗೆ ಕಾರೇ ಬೇಕು ಅನ್ನುವುದು ಅವನಿಗೂ ವಿಚಿತ್ರ ಅನ್ನಿಸಲಿಲ್ಲ. ನಾನೂ ಸವಿತಳೂ ಅಡುಗೆಮನೆಯ ಕಿಟಕಿಯ ಹಿಂದೆ ನಿಂತೆವು. ಫೋನು ನಮ್ಮಿಬ್ಬರ ನಡುವೆ. ಹೊರಗೆ ಸಣ್ಣಗೆ ಹನಿಯಲು ಶುರುವಾಯಿತು.

"ಅಪ್ಪ, ಕೇಳ್ತೈತಾ?"

ಕಾರಿನೊಳಗೆ ಅಣ್ಣನ ಕೈ ಬಾಗಿಲಿಗೆ ಹೋಯಿತು. "ಕೇಳ್ತದೆ ಕಣವ್ವ! ಶೀತ ವೋಯ್ತಾ ನಿಂಗೆ? ಚೆಂದಾಗ್ ಕೇಳ್ತದೆ!"

ಸವಿತ ಹೇಳಿದಳು. ಎಲ್ಲವನ್ನೂ ಹೇಳಿದಳು, ಹುಡುಗ ಯಾರು, ಯಾವ ಜನ, ನಾಳೆ ಬರುತ್ತಿದ್ದಾರೆ ಅನ್ನುವುದನ್ನೂ. ಫೋನನ್ನು ನಾನು ಅವಳ ಬಾಯಿಯ ಹತ್ತಿರ ಹಿಡಿದುಕೊಂಡಿದ್ದೆ. "ಮೊನ್ನೆ ಕೇಳಿದ್ದಕ್ಕೆ ಆಗ್ಲಿ ಅಂದಿದ್ದೆ ಅಪ್ಪ ನೀನು."

ಫೋನಿನಲ್ಲಿ ನಂಬರ್ ಓಡುತ್ತಿತ್ತು.

"ನಾನಂದಿಲ್ಲ ಕಣವ್ವ," ಅಂದ ಅಣ್ಣ. "ಕೇಳುಸ್ಕಂಡಿದ್ರೆ ಅಂತಿರ್ನಿಲ್ಲ."

ಸವಿತ ಬಾಯಿಗೆ ಸೆರಗಿನ ಹಾಗೆ ದುಪಟ್ಟಾ ಒತ್ತಿಕೊಂಡಳು. ಮಳೆಯ ಪರದೆಯಾಚೆ ಅಣ್ಣನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಬಾಗಿಲ ಮೇಲಿಟ್ಟ ಕೈ ಮಾತ್ರ ಕಾಣುತ್ತಿತ್ತು. ಅವನು ಕೈ ತೆಗೆಯಲಿಲ್ಲ. ಅದೊಂದನ್ನೇ ನಾನು ನೋಡುತ್ತ ನಿಂತಿದ್ದೆ. ಬೇಡ ಅನ್ನುವವನಾದರೆ ಇಷ್ಟು ಹೊತ್ತಿಗೆ ಕೈ ತೆಗೆದು ಇಳಿದು ಬರುತ್ತಿದ್ದ ಅಂತ ನನಗೆ ನಾನೇ ಹೇಳಿಕೊಂಡೆ.

"ಆ ಹುಡ್ಗನ್ ದನಿ ಕೇಳ್ಸು," ಅಂದ ಕೊನೆಗೆ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ಗಡಿಬಿಡಿಯಲ್ಲಿ ಎರಡು ಸಲ ತಪ್ಪು ಒತ್ತಿ, ಮೂರನೇ ಸಲ ಹುಡುಗನನ್ನು ಅದೇ ಕರೆಗೆ ಸೇರಿಸಿದಳು. "ಅಪ್ಪ ಇದ್ದಾರೆ, ಮಾತಾಡಿ" ಅಂದಳು. ಪಾಪ, ಅವನೂ ನನ್ನ ಹಾಗೇ ದಿಗಿಲು ಬಿದ್ದಿರಬೇಕು. ಗಂಟಲು ಸರಿಮಾಡಿಕೊಂಡ.

"ನಮಸ್ಕಾರ... ರಂಗಸ್ವಾಮಿ ಮಾತಾಡ್ತಿರೋದು. ಚೆನ್ನಾಗಿದ್ದೀರಾ? ನಾಳೆ ಬತ್ತೀವಿ... ನೀವು ಬನ್ನಿ ಅಂದ್ರೆ ಬತ್ತೀವಿ."

ಅಣ್ಣ ತಲೆ ಬಗ್ಗಿಸಿ ಸ್ಪೀಕರಿಗೆ ಕಿವಿ ಒತ್ತಿದ. ಹುಡುಗ ಇನ್ನೇನೋ ಹೇಳಿದ, ಅವನ ತಾಯಿಯ ವಿಷಯ, ಸವಿತಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಅನ್ನುವ ವಿಷಯ. ಅಣ್ಣ ಹೂಂ ಅನ್ನಲಿಲ್ಲ, ಆಗಲಿ ಅನ್ನಲಿಲ್ಲ. ಪೂರ್ತಿ ಕೇಳಿಸಿಕೊಂಡ. ಹುಡುಗನ ಮಾತು ಮುಗಿಯಿತು. ಅಣ್ಣ ಬಾಗಿಲು ತೆಗೆದು, ಮಳೆಯಲ್ಲೇ ಇಳಿದು ನಿಂತ.

ಅಣ್ಣನಿಗೆ ತನ್ನ ದನಿಯ ಅಳತೆ ಗೊತ್ತಿಲ್ಲ. ಹುಳಮನೆಯಿಂದ ಅವ್ವ ಸೊಪ್ಪು ಹಿಡಿದುಕೊಂಡೇ ಹೊರಗೆ ಬರುವ ಹಾಗೆ, ಎದುರು ಮನೆಯವರು ಬಾಗಿಲಿಗೆ ಬಂದು ನಿಲ್ಲುವ ಹಾಗೆ, ಇಡೀ ಊರಿಗೆ ಕೇಳುವ ಹಾಗೆ ಕೂಗಿ ಹೇಳಿದ:

"ಹುಡ್ಗ ಒಸಿ ಮೆತ್ಗೆ ಮಾತಾಡ್ತನೆ ಕಣವ್ವ. ನಮ್ಮನೇಗೆ ಅಳಿಯ ಆಗಿ ಬರೋನು ಜೋರಾಗ್ ಮಾತಾಡಾದ ಕಲ್ತ್ಕಂಡ್ ಬರ್ಬೇಕು ಅಂತ ಯೋಳು!"